ಊದಬಾರದ ಮೇಜು

ಆಸ್ಪತ್ರೆಯವಳು ಅಪ್ಪನ ಬಾಯಿಗೆ ಉಸಿರು ಅಳೆಯುವ ಯಂತ್ರದ ಕೊಳವೆ ಇಟ್ಟು ಮೂರು ಸಲ ಊದಿಸಿದಳು. ಮೂರು ಸಲವೂ ಅಂಕಿ ಮೇಲೇಳಲಿಲ್ಲ. ಎರಡು ವರ್ಷದ ಹಿಂದೆ ಅಪ್ಪನ ಲಿವರ್‌ನಿಂದ ಕ್ಯಾನ್ಸರ್ ಗಡ್ಡೆ ತೆಗೆದಿದ್ದ ಡಾಕ್ಟರು ಆ ಚೀಟಿ ನೋಡಿ ಆಪರೇಷನ್ ಬೇಡವೆಂದರು. ಲಿವರ್ ಈಗ ಚೊಕ್ಕಟವಾಗಿದೆ, ಶ್ವಾಸಕೋಶಕ್ಕೆ ಹಬ್ಬಿದ ಎರಡು ಗಂಟುಗಳನ್ನು ಕೊಯ್ದು ತೆಗೆಯಬಹುದಿತ್ತು, ಆದರೆ ಇಷ್ಟೇ ಉಸಿರಿರುವವರ ಎದೆಗೆ ಕತ್ತರಿ ಹಾಕುವುದು ಅಪಾಯ, ಮಾತ್ರೆಯಲ್ಲೇ ನೋಡೋಣ ಎಂದರು. ಅಪ್ಪ ಸರಿ ಎಂದು ಎದ್ದುಬಿಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು. ಲಿಫ್ಟ್ ಕೆಟ್ಟಿದ್ದರಿಂದ ನಾಲ್ಕು ಮಹಡಿ ನನಗಿಂತ ಮುಂಚೆ ಹತ್ತಿ ಬಂದಿದ್ದ ಮನುಷ್ಯ ಅವನು.

ಬಸ್ಸಿನಲ್ಲಿ ಕೂತಾಗ ಹೊಳೆಯಿತು. ಅಪ್ಪ ವಾಚ್ ರಿಪೇರಿಯವನು. ಮುಂದಿನ ಕೋಣೆಯಲ್ಲಿರುವ ಅವನ ಮೇಜಿನ ಹತ್ತಿರ ನಲವತ್ತು ವರ್ಷದಿಂದ ಫ್ಯಾನಿಲ್ಲ, ಸೀನಿಲ್ಲ, ನಗುವಿಲ್ಲ. ಏಳನೇ ವಯಸ್ಸಿನಲ್ಲಿ ನಾನೊಮ್ಮೆ ಪಕ್ಕನೆ ನಕ್ಕು ಕೂದಲೆಳೆಯಂಥ ಸ್ಪ್ರಿಂಗ್ ಹಾರಿಸಿದ್ದಕ್ಕೆ ವಾರಪೂರ್ತಿ ಮಾತು ಬಿಟ್ಟಿದ್ದ. ಅವನೂ ಕಳ್ಳನ ಹಾಗೆ ಮೂಗಿನಲ್ಲೇ ಉಸಿರಾಡುತ್ತಾನೆ. ಜೋರಾಗಿ ಊದುವುದು ಅವನಿಗೆ ಮರೆತೇಹೋಗಿದೆ. ಕೇಳಿದರೆ, ಊದಿದೆನಲ್ಲ ಎಂದ.

ಮನೆಗೆ ಬಂದವಳೇ ಅವನನ್ನು ಮೇಜಿನ ಮುಂದೆ ಕೂರಿಸಿ, ಬಿಚ್ಚಿಟ್ಟಿದ್ದ ವಾಚಿನ ಬಿಡಿಭಾಗಗಳ ತಟ್ಟೆಯ ಮುಚ್ಚಳ ತೆಗೆದೆ.

"ಊದು."

"ತಲೆ ಕೆಟ್ಟಿದ್ಯಾ? ಗಿರಾಕಿ ವಾಚು ಅದು."

"ಇಷ್ಟು ವರ್ಷ ಈ ಸ್ಕ್ರೂಗಳಿಗೋಸ್ಕರ ನಮ್ಮೆಲ್ಲರ ಉಸಿರು ಕಟ್ಟಿಸ್ದೆ. ಈಗ ಅವಕ್ಕೋಸ್ಕರ ಸಾಯ್ತೀಯಾ?"

ಅವನಿಗೂ ರೇಗಿತು. ರೇಗಿದ ಭರದಲ್ಲೇ ಊದಿದ. ತಟ್ಟೆ ಖಾಲಿ. ಎದುರಿನ ಗೋಡೆಯ ಕ್ಯಾಲೆಂಡರ್ ಹಾಳೆ ಕೂಡ ಎದ್ದು ಬಿತ್ತು. ಆಮೇಲೆ ಇಬ್ಬರೂ ಮಂಡಿಯೂರಿ, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಹೆಕ್ಕಿದೆವು. ಒಂದು ಸ್ಪ್ರಿಂಗ್ ಮಾತ್ರ ಸಿಗಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಮತ್ತೆ ಪರೀಕ್ಷೆ ಮಾಡಿ ಎಂದು ಜಗಳಕ್ಕೆ ನಿಂತೆ. ಒಮ್ಮೆ ಬರೆದಾಗಿದೆ ಎಂದಳು ಆಸ್ಪತ್ರೆಯವಳು. ಊದಿದವನ ಮುಖವನ್ನೇ ನೋಡದೆ ಬರೆದವಳು. ನಾನು ಬಾಗಿಲು ಬಿಟ್ಟು ಕದಲಲಿಲ್ಲ. ಕೊನೆಗೆ ಅಪ್ಪ ಊದಿದಾಗ ಅವಳು ಯಂತ್ರ ಸರಿಯಿದೆಯೇ ಎಂದು ತಿರುಗಿಸಿ ನೋಡಿದಳು. ಡಾಕ್ಟರು ಸೋಮವಾರಕ್ಕೆ ಆಪರೇಷನ್ ಗೊತ್ತುಮಾಡಿದರು.

ಇವತ್ತು ಸೋಮವಾರ. ಒಳಗೆ ಕರೆದೊಯ್ಯುವ ಮುಂಚೆ ಅಪ್ಪ ನನ್ನ ಕೈ ಹಿಡಿದುಕೊಂಡ.

"ಮನೆ ಗುಡಿಸ್ಬೇಡ. ಆ ಸ್ಪ್ರಿಂಗ್ ನಾನೇ ಬಂದು ಹುಡುಕ್ತೀನಿ."

ಅದು ಗುರುವಾರವೇ ನನ್ನ ಅಂಗಾಲಿಗೆ ಅಂಟಿಕೊಂಡು ಸಿಕ್ಕಿತ್ತು. ನಾನು ಹೇಳಲಿಲ್ಲ. ಮತ್ತೆ ಮೇಜಿನ ಕಾಲಿನ ಪಕ್ಕವೇ ಇಟ್ಟಿದ್ದೇನೆ. ಅವನೇ ಬಂದು ಹುಡುಕಲಿ. ಅಷ್ಟು ಸುಲಭಕ್ಕೆ ಬಿಟ್ಟುಕೊಡುವವಳಲ್ಲ ನಾನು.