ಮುನಿಕೆಂಪಮ್ಮನ ಎಡೆ

ಹಿರಿಯರ ಹಬ್ಬ ಹತ್ತಿರ ಬಂದಾಗ ಅಕ್ಕಯ್ಯಮ್ಮ ತಮ್ಮನನ್ನು ಕೇಳಿದ್ದು ಒಂದು ಸಣ್ಣ ಮಾತು.

"ಕೆಂಪಿಗೆ ಏನ್ ಇಷ್ಟ ಇತ್ತೋ ಆವಲಪ್ಪ? ಎಡೆಗೆ ಏನ್ ಮಾಡ್ಲಿ?"

ಆವಲಪ್ಪ ಜಗಲಿಯ ಮೇಲೆ ಕೂತು ಈರುಳ್ಳಿ ಸೊಪ್ಪಿನ ಕಟ್ಟಿಗೆ ಬಾಳೆನಾರು ಸುತ್ತುತ್ತಿದ್ದ. ಆ ಕಟ್ಟನ್ನು ಬಿಗಿದು ಇನ್ನೊಂದನ್ನು ಎತ್ತಿಕೊಂಡ.

ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವಿತ್ತೋ ಅದನ್ನು ಎಲೆಗೆ ಬಡಿಸಬೇಕು, ಇಲ್ಲದಿದ್ದರೆ ಹಸಿದುಕೊಂಡೇ ಹಿಂದಿರುಗುತ್ತಾರೆ ಎನ್ನುವುದು ಮತ್ತಿಕೆರೆಯಲ್ಲಿ ಎಲ್ಲರಿಗೂ ಗೊತ್ತು. ಅಪ್ಪನಿಗೆ ಬೋಟಿ ಗೊಜ್ಜು, ಒಂದು ಕಟ್ಟು ಬೀಡಿ. ಅವ್ವನಿಗೆ ಕಜ್ಜಾಯ, ಎಲೆಯಡಿಕೆ. ಆವಲಪ್ಪನಿಗೇ ಏನಾದರೂ ಆದರೆ ಹುರುಳಿಕಾಳಿನ ಬಸ್ಸಾರು ಇಡಬೇಕೆಂದು ಬೀದಿಯ ಮಕ್ಕಳೂ ಹೇಳಿಯಾರು. ಆದರೆ ಮುನಿಕೆಂಪಮ್ಮ? ಮದುವೆಯಾದಾಗಿನಿಂದ ಒಂದೇ ಸೂರಿನ ಕೆಳಗಿದ್ದ ಹೆಂಗಸು. ಎಲ್ಲರೂ ಉಂಡೆದ್ದ ಮೇಲೆ ತಳದಲ್ಲಿ ಉಳಿದದ್ದನ್ನು ಬಳಿದು ಉಣ್ಣುತ್ತಿದ್ದಳು. ಅದರಲ್ಲಿ ಇಷ್ಟವಾದದ್ದು ಯಾವುದು, ಆಗದ್ದು ಯಾವುದು ಎಂದು ಯಾರು ಕೇಳಿದ್ದರು? ಗಂಡನೆಂಬ ಈ ಮಹಾರಾಯನಂತೂ ಕೇಳಿರಲಿಲ್ಲ.

ಅವಳು ಯುಗಾದಿ ಕಳೆದ ಮೇಲೆ ಜ್ವರ ಬಂದು ತೀರಿಕೊಂಡಿದ್ದಳು. ಮಣ್ಣು ಹಾಕುವಾಗಲೂ ಆವಲಪ್ಪನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಕಲ್ಲೆದೆಯವನು ಎಂದು ಜನ ಆಡಿಕೊಂಡರು. ಅಳು ಇವತ್ತು ಬಂದೀತು, ನಾಳೆ ಬಂದೀತು ಎಂದು ಅವನೂ ಕಾದ. ಬರಲಿಲ್ಲ. ಅದರ ಬದಲು ನಾಲಗೆ ಸತ್ತುಹೋಯಿತು. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ತಿಳಿಯದು. ಮುದ್ದೆ ಮಣ್ಣಾದರೂ ನುಂಗುತ್ತಿದ್ದ. ದುಃಖ ಎಂದು ಹೇಳೋಣವೆಂದರೆ ಅದೂ ಅಲ್ಲ. ಏನೂ ಇರಲಿಲ್ಲ, ಅಷ್ಟೇ.

ಮಾರನೆಯ ಬೆಳಿಗ್ಗೆ ತೋಟದಲ್ಲಿ ಸೊಪ್ಪು ಕೀಳುವಾಗ ಒಂದು ಮಾತು ನೆನಪಾಯಿತು. ಮುನಿಕೆಂಪಮ್ಮ ಸೊಪ್ಪಿನ ಬುಟ್ಟಿ ಹೊತ್ತು ದಂಡಿನ ಕಡೆಯ, ಅಂದರೆ ಕಂಟೋನ್ಮೆಂಟಿನ ಹೋಟೆಲುಗಳಿಗೆ ಹಾಕಿ ಬರುತ್ತಿದ್ದಳು. ಒಮ್ಮೆ ಬಂದವಳೇ ಬುಟ್ಟಿ ಇಳಿಸುವ ಮೊದಲೇ, "ಚೀನ್ದೋರ ಓಟ್ಲಾಗೆ ಶ್ಯಾವಿಗೆ ಕೊಟ್ರು. ಏನ್ ಚೆಂದಾಗಿತ್ತು ಅಂತೀರಾ!" ಎಂದಿದ್ದಳು.

"ಕಪ್ಪೆ ಕರುಳಿರ್ಬೇಕು. ಬಾಯಿ ಮುಕ್ಕಳಿಸ್ಕೊಂಡು ಒಳೀಕ್ ಬಾ," ಎಂದಿದ್ದ ಆವಲಪ್ಪ. ಅವಳು ನಕ್ಕು ಬಾಯಿ ಮುಕ್ಕಳಿಸಿದ್ದಳು. ಮತ್ತೆ ಆ ಮಾತು ಎತ್ತಲಿಲ್ಲ.

ಎಡೆಗೆ ಆ ಶ್ಯಾವಿಗೆಯನ್ನೇ ತರುತ್ತೇನೆಂದಾಗ ಅಕ್ಕಯ್ಯಮ್ಮ ಕೆಂಡವಾದಳು. "ಓದ್ ವರ್ಸ ತಾನೆ ಯುದ್ಧಕ್ಕೆ ಬಂದೋರು ಆ ಚೀನ್ದೋರು! ಅವ್ರ ಊಟ ತಂದು ಇರೀಕರ ಮುಂದೆ ಇಕ್ತೀಯಾ? ತಲೆ ನೆಟ್ಟಗೈತಾ ನಿಂಗೆ?"

"ಇನ್ನೇನ್ ಇಕ್ಕಾನ, ನೀನೇ ಏಳಕ್ಕ," ಎಂದ ಆವಲಪ್ಪ. ಅವಳಿಗೂ ಗೊತ್ತಿರಲಿಲ್ಲ.

ಒಗೆದ ಪಂಚೆ ಉಟ್ಟು, ರುಮಾಲು ಸುತ್ತಿ, ಯಶವಂತಪುರದಲ್ಲಿ ಬಸ್ಸು ಹಿಡಿದು ದಂಡಿಗೆ ಹೋದ. ಯಾವ ಹೋಟೆಲು ಎಂದು ಅವಳು ಹೇಳಿರಲಿಲ್ಲ. ಮೊದಲು ಕಂಡದ್ದು ದೊಡ್ಡ ರಸ್ತೆಯಲ್ಲಿ, ಗಾಜಿನ ಬಾಗಿಲಿನದು. ಬಾಗಿಲಲ್ಲಿದ್ದವನು ಇವನ ಕಾಲಿನ ಧೂಳನ್ನೇ ನೋಡಿದ. ಒಳಗೆ ಬಿಳಿ ಬಟ್ಟೆ ಹಾಸಿದ ಮೇಜಿಗೆ ಶ್ಯಾವಿಗೆಯಂಥದ್ದೇನೋ ಬಂತು, ಜೊತೆಗೆ ಮುಳ್ಳು ಚಮಚ. ಕೈಯಲ್ಲೇ ಕಲಸಿ ತಿಂದ. ಹುಳಿಯೋ ಸಿಹಿಯೋ ಹೊಳೆಯಲಿಲ್ಲ. ಮುನಿಕೆಂಪಮ್ಮನ ಹೆಸರು ಹೇಳಿದರೆ, ನಮಗೆ ತರಕಾರಿ ಬರುವುದು ಮಾರ್ಕೆಟ್ಟಿನಿಂದ ಎಂದರು. ತಟ್ಟೆಯಲ್ಲಿ ಬಿಡುವುದು ಗೊತ್ತಿಲ್ಲದ ಮನುಷ್ಯ, ಪೂರ್ತಿ ಮುಗಿಸಿಯೇ ಎದ್ದ.

ಎರಡನೆಯದು ಗಲ್ಲಿಯೊಂದರಲ್ಲಿ. ಬೋರ್ಡಿನ ಮೇಲಿನ ಚೀನೀ ಅಕ್ಷರಗಳಿಗೆ ಸುಣ್ಣ ಬಳಿದಿದ್ದರು. ಯುದ್ಧದ ಸಮಯದಲ್ಲಿ ಯಾರೋ ಕಲ್ಲು ಹೊಡೆದಿದ್ದರಂತೆ. ಗಲ್ಲಾದ ಮೇಲೆ ಕೂತ ಮುದುಕ ಇವನು ಒಳಗೆ ಬಂದಾಗ ಸುಮ್ಮನೆ ಎದ್ದು ನಿಂತ, ಹೆದರಿದವನ ಹಾಗೆ. ಅಲ್ಲೂ ತಿಂದ. ಮೆತ್ತಗಿತ್ತು. ಎಲೆಕೋಸು ಇತ್ತು, ಈರುಳ್ಳಿ ಸೊಪ್ಪು ಇರಲಿಲ್ಲ. ನಮ್ಮ ಸೊಪ್ಪಿಲ್ಲದ ಜಾಗಕ್ಕೆ ಅವಳೇಕೆ ಬರುತ್ತಾಳೆ ಎಂದು ಕೈ ತೊಳೆದುಕೊಂಡ. ಹೀಗೆ ಊಟದ ಮೇಲೆ ಊಟ ಮಾಡುತ್ತಾ ಹೋದರೂ ಹೊಟ್ಟೆ ಭಾರವಾಯಿತೇ ಹೊರತು ನಾಲಗೆ ತುಟಿಪಿಟಕ್ಕೆನ್ನಲಿಲ್ಲ.

ಆಮೇಲೆ ಬುದ್ಧಿ ಬಂತು. ಸೊಪ್ಪು ಮಾರುವವಳು ಮುಂಬಾಗಿಲಿಂದ ಹೋಗಿರುತ್ತಾಳೆಯೇ? ಮೂರನೆಯ ಹೋಟೆಲಿಗೆ ಹಿತ್ತಲಿನಿಂದ ಹೋದ. ಅಡುಗೆಮನೆಯ ಬಾಗಿಲ ಪಕ್ಕ ಮೊಳೆಗೆ ಒಂದು ಸಿಂಬೆ ನೇತಾಡುತ್ತಿತ್ತು. ಬುಟ್ಟಿ ಹೊರುವಾಗ ತಲೆಗಿಡುವ ಬಟ್ಟೆಯ ಸಿಂಬೆ. ಹಸಿರು ಸೀರೆಯದು, ಕೆಂಪಂಚು. ಆ ಸೀರೆ ಅವನೇ ತಂದದ್ದು.

ಬಾಣಲೆಯ ಮುಂದೆ ಗಡ್ಡದ ಅಡುಗೆಯವನೊಬ್ಬ ನಿಂತಿದ್ದ. ಹೋಟೆಲು ಚೀನಿಯವನದಾದರೂ ಸೌಟು ಹಿಡಿದವನು ಮಜೀದ್.

"ಆ ಸಿಂಬೆ ನನ್ ಎಂಡ್ರುದು," ಎಂದ ಆವಲಪ್ಪ.

ಮಜೀದನ ಮುಖ ಅರಳಿತು. "ಸೊಪ್ಪಮ್ಮನ ಯಜಮಾನ್ರಾ ನೀವು? ಎಲ್ಲಿ ಅವ್ರು? ಸಿಂಬೆ ಮರ್ತು ಹೋದ್ರು. ನಾಳೆ ಬರ್ತಾರೆ ಅಂತ ನಾನೇ ತಗಲಾಕ್ದೆ."

"ಓಗ್ಬಿಟ್ಲು. ಜ್ವರ ಬಂದಿತ್ತು."

ಮಜೀದ್ ಸೌಟು ಕೆಳಗಿಟ್ಟ. ಆವಲಪ್ಪ ಎಡೆಯ ವಿಷಯ ಹೇಳಿದ. "ಅವ್ಳಿಗೆ ಇಷ್ಟ ಆಗಿದ್ದು ಯಾವ್ದು, ಅದ್ನೇ ಮಾಡ್ಕೊಡಿ ಸಾಬ್ರೇ. ಯಾರೂ ರುಚಿ ನೋಡ್ಬಾರ್ದು, ಎಂಜಲಾಯ್ತದೆ."

"ಅವ್ರಿಗೆ ಏನ್ ಕೊಟ್ರೂ ಇಷ್ಟಾನೇ ಯಜಮಾನ್ರೇ. ಬಿಸಿ ಇರ್ಬೇಕು, ಅಷ್ಟೇ. ಬಾಣಲೆಯಿಂದ ಸೀದಾ ತಟ್ಟೆಗೆ. 'ಮೊದ್ಲು ನಂಗೆ ಆಕಿ ಸಾಬ್ರೇ, ಆಮ್ಯಾಕ್ ನಿಮ್ ಗಿರಾಕಿಗೆ' ಅಂತ ನಗೋರು. ಇದೇ ಮೆಟ್ಲ ಮೇಲೆ ಕೂತು, ಬಾಯಿ ಸುಟ್ಕೊಂಡು ತಿನ್ನೋರು. ಒಂದಿನ ನಾನು ಉಪ್ಪೇ ಹಾಕಿರ್ಲಿಲ್ಲ. ಅದಕ್ಕೂ ಭಾಳ ಚೆನ್ನಾಗೈತೆ ಅಂದ್ರು."

ಆವಲಪ್ಪ ಆ ಮೆಟ್ಟಿಲನ್ನು ನೋಡಿದ. ಎಲ್ಲ ಮೆಟ್ಟಿಲುಗಳಂತೆಯೇ ಇತ್ತು.

ಹಬ್ಬದ ದಿನ ಮಜೀದ್ ಮಾಡಿಕೊಟ್ಟದ್ದನ್ನು ಕ್ಯಾರಿಯರಿಗೆ ತುಂಬಿಸಿ, ಕಂಬಳಿಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಂಡು ಬಸ್ಸಿನಲ್ಲಿ ಬಂದ. ಏನು ಮಾಡಿದರೂ ಬಸ್ಸು ಬಸ್ಸೇ, ಕಂಬಳಿ ಕಂಬಳಿಯೇ. ಯಶವಂತಪುರದಲ್ಲಿ ಇಳಿದು ಮನೆಗೆ ನಡೆದು ಮುಚ್ಚಳ ತೆಗೆದಾಗ ಶ್ಯಾವಿಗೆ ತಣ್ಣಗಾಗಿ ಗಂಟುಕಟ್ಟಿ ಕೂತಿತ್ತು.

ನಡುಮನೆಯಲ್ಲಿ ಎಲೆಗಳನ್ನು ಹಾಕಿಯಾಗಿತ್ತು. ಮೊದಲು ಅಪ್ಪನದು, ಆಮೇಲೆ ಅವ್ವನದು, ಹಿಂದೆಯೇ ತೀರಿಕೊಂಡಿದ್ದ ಅಣ್ಣನದು. ಕೊನೆಯಲ್ಲಿ, ಬಾಗಿಲ ಹತ್ತಿರ, ಮುನಿಕೆಂಪಮ್ಮನದು.

"ಕೊಡಿಲ್ಲಿ, ಕಡೇಗೆ ಬಡಿಸ್ತೀನಿ," ಎಂದು ಅಕ್ಕಯ್ಯಮ್ಮ ಕೈಚಾಚಿದಳು.

ಆವಲಪ್ಪ ಕೊಡಲಿಲ್ಲ. ಅಡುಗೆಮನೆಗೆ ಹೋದ. ಒಲೆ ಹೊತ್ತಿಸಿ ಗೊತ್ತಿರಲಿಲ್ಲ. ಹಸಿ ಸೌದೆ ತುರುಕಿ, ಊದುಗೊಳವೆಯಲ್ಲಿ ಊದಿ ಊದಿ ಮನೆಯೆಲ್ಲ ಹೊಗೆ ಮಾಡಿದ. ಅಂತೂ ಬೆಂಕಿ ಹತ್ತಿತು. ಬಾಣಲೆಯಿಟ್ಟು ಶ್ಯಾವಿಗೆಯನ್ನು ಬಿಸಿ ಮಾಡಿ, ಸುಡುವ ಬಾಣಲೆಯನ್ನು ಪಂಚೆಯ ಅಂಚಿನಲ್ಲಿ ಹಿಡಿದುಕೊಂಡೇ ಬಂದು ಬಾಗಿಲ ಬಳಿಯ ಎಲೆಗೆ ಸುರಿದ.

"ಲೋ! ಅಪ್ಪನ ಎಲೆ ಇನ್ನೂ ಖಾಲಿ ಐತೆ!" ಅಕ್ಕಯ್ಯಮ್ಮ ಕೂಗಿದಳು. "ಸೊಸೆಗೆ ಮೊದ್ಲಾ?"

"ಅವ್ರೆಲ್ಲ ದಿನಾ ಮೊದ್ಲು ಉಂಡೋರಕ್ಕ. ಇವತ್ ಒಂದಿನ ಕಾಯ್ಲಿ."

ಎಲೆಯಿಂದ ಹಬೆ ಏಳುತ್ತಿತ್ತು. ಬೇರೆ ಎಲೆಗಳಿಗೂ ಬಡಿಸಿ, ಧೂಪ ಹಾಕಿ, ಹಿರಿಯರು ಉಣ್ಣಲಿ ಎಂದು ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದರು. ಕಾಗೆಗೆ ಇಟ್ಟದ್ದೂ ಆಯಿತು. ನೆಂಟರು ಊಟಕ್ಕೆ ಕೂತರು. ಆವಲಪ್ಪನನ್ನು ಕರೆದರೆ, ಆಮೇಲೆ ಎಂದ. ಹೆಂಗಸರು ಕೂತಾಗಲೂ ಆಮೇಲೆ ಎಂದ. ಎಲ್ಲರೂ ಎದ್ದ ಮೇಲೆ, ತಳದಲ್ಲಿ ಉಳಿದಿದ್ದ ಮುದ್ದೆಯನ್ನು ಎಲೆಗೆ ಹಾಕಿಕೊಂಡು ಅಡುಗೆಮನೆಯ ಮೂಲೆಯಲ್ಲಿ ಒಬ್ಬನೇ ಕೂತ.

ಮುದ್ದೆಯ ಮೇಲೆ ಒಣಗಿದ ಪೊರೆ ಕಟ್ಟಿತ್ತು. ಸಾರಿನ ಎಣ್ಣೆ ಹೆಪ್ಪುಗಟ್ಟಿತ್ತು. ಒಂದು ತುತ್ತು ಮುರಿದು ಬಾಯಿಗಿಟ್ಟ. ಸತ್ತುಹೋಗಿದ್ದ ನಾಲಗೆಗೆ ಅಷ್ಟು ತಿಂಗಳ ಮೇಲೆ ಏನೋ ತಾಗಿತು. ತಣ್ಣಗಿತ್ತು. ದಿನವೂ ಅವಳು ಉಂಡದ್ದು ಇದನ್ನೇ ಎಂದು ಹೊಳೆದ ಕ್ಷಣಕ್ಕೆ ಕಣ್ಣು ತುಂಬಿಬಂತು.

ಅಕ್ಕಯ್ಯಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಅವಳ ಸಿಟ್ಟು ಇಳಿದುಹೋಗಿತ್ತು. "ತತ್ತಾರೋ ಇಲ್ಲಿ, ಬಿಸಿ ಮಾಡ್ಕೊಡ್ತೀನಿ."

"ಬ್ಯಾಡಕ್ಕ. ಇಂಗೇ ಇರ್ಲಿ," ಎಂದು ಆವಲಪ್ಪ ಇನ್ನೊಂದು ತುತ್ತು ಮುರಿದ.