ಕೆಡವುವ ಪಾಠ

"ನಾ ಪಾಠ ಮಾಡೂಮುಂದ ನಡುವ ಬಾಯಿ ಹಾಕಬ್ಯಾಡ್ರಿ ಮೇಡಂ. ಹಿಂದಿನ ಬೆಂಚಿನ್ಯಾಗ ಸುಮ್ಮ ಕುಂದರ್ರಿ. ನಿಮ್ಮ ಮರ್ಯಾದಿ ನಿಮ್ಮ ಕಡೆ ಇರ್ತೈತಿ," ಎಂದ ಮಹೇಶಕುಮಾರ. ಹೇಳುವಾಗ ಮುಖದ ತುಂಬ ನಗು.

ಸ್ನೇಹಲತಾ ಕೂಡ ನಕ್ಕಳು. "ಆ ಬೋರ್ಡಿನ ಮುಂದ ನಿಂದ್ರೂದು ಕಲಿಸಿದಾಕಿ ನಾನು. ಅದನ್ನೂ ಒಂದೀಟು ನೆನಪಿಡ್ರಿ."

"ಕಲಿಸಿದ್ರಿ, ಇಲ್ಲ ಅನ್ನಂಗಿಲ್ಲ. ಈಗ ನಿಮ್ಮ ಕಡೆ ಕಲಿಯಾಕ ಯಾರು ಉಳದಾರ ಅನ್ನೂದು ನಾಳೆ ಸಂಜೀಕ ತಿಳೀತೈತಿ."

ಹೈದರಾಬಾದಿನ ಅಮೀರ್‌ಪೇಟೆಯ ಆ ಕಂಪ್ಯೂಟರ್ ಲ್ಯಾಬಿನಲ್ಲಿ ಕಿಕ್ಕಿರಿದು ಕೂತಿದ್ದ ತೆಲುಗು ಹುಡುಗ ಹುಡುಗಿಯರಿಗೆ, ಒಂದೇ ಸೀಮೆಯ ಇಬ್ಬರು ಊರ ಕಡೆಯ ಸುದ್ದಿ ಹಂಚಿಕೊಳ್ಳುತ್ತಿದ್ದಾರೆ ಅನ್ನಿಸಿರಬೇಕು. ಅವರಿಬ್ಬರಿಗೆ ಕನ್ನಡ ಈಗ ಬೈದಾಡಲಿಕ್ಕಷ್ಟೇ ಬೇಕಾಗುತ್ತಿತ್ತು. ಅರ್ಥವಾಗುವವಳು ಆ ಕೋಣೆಯಲ್ಲಿ ಇನ್ನೊಬ್ಬಳೇ. ಹಿಂದಿನ ಸಾಲಿನ ಮೂಲೆಯ ಯಂತ್ರದ ಮುಂದೆ ಕೂತಿದ್ದ ದಾನೇಶ್ವರಿ. ಅವಳು ಏನೂ ಕೇಳಿಸದವಳಂತೆ ಕೀಬೋರ್ಡಿನ ಸಂದುಗಳ ಧೂಳು ಊದುತ್ತಿದ್ದಳು.

ಸುರಪುರದ ಸ್ನೇಹಲತಾ ಮದುವೆಯಾಗಿ ಹೈದರಾಬಾದಿಗೆ ಬಂದಾಗಿನಿಂದಲೂ ಈ ಸಂಸ್ಥೆಯಲ್ಲಿ ಲಿನಕ್ಸ್ ಕಲಿಸುತ್ತಿದ್ದಳು. ಶಹಾಪುರದ ಮಹೇಶಕುಮಾರ ಕೆಲಸ ಹುಡುಕಿಕೊಂಡು ಬಂದು ಹಾಸ್ಟೆಲ್ಲಿನಲ್ಲಿ ಕೊಳೆಯುತ್ತಿದ್ದಾಗ, ಪಕ್ಕದ ಊರಿನವನೆಂದು ಲ್ಯಾಬಿಗೆ ಸೇರಿಸಿದವಳೂ ಅವಳೇ. ಆಗ ಬಾಯಿ ತೆರೆದರೆ "ಅಕ್ಕಾರ, ಅಕ್ಕಾರ" ಎನ್ನುತ್ತಿದ್ದ. ಮೇಡಂ ಎನ್ನತೊಡಗಿದ ದಿನವೇ ಅವಳು ಎಚ್ಚರಗೊಳ್ಳಬೇಕಿತ್ತು. ಬಾಯಿತುಂಬ ಜೋಕು, ಸಿನಿಮಾದ ತೆಲುಗು, ಇಸ್ತ್ರಿ ಮಾಡಿದ ಅಂಗಿ: ಮಾಲೀಕ ನರಹರಿಗೆ ಇಷ್ಟು ಸಾಕಾಯಿತು. ಇವತ್ತು ಇವನ ಡೆಮೊ, ನಾಳೆ ಅವಳ ಡೆಮೊ. ಹೊಸ ಹುಡುಗರು ಯಾರನ್ನು ಬಯಸುತ್ತಾರೋ ಅವರಿಗೆ ಬ್ಯಾಚು, ಇನ್ನೊಬ್ಬರು ಬೇರೆ ದಾರಿ ನೋಡಿಕೊಳ್ಳಬೇಕು ಎಂದು ನರಹರಿ ಚಹಾ ಹೀರುತ್ತ ಹೇಳಿಬಿಟ್ಟಿದ್ದ. ತಾನೇ ಕೆಲಸ ಕಲಿಸಿದವನೆದುರು ಬ್ಯಾಚು ಕಳೆದುಕೊಂಡವಳನ್ನು ಆ ಬೀದಿಯಲ್ಲಿ ಇನ್ನು ಯಾವ ಸಂಸ್ಥೆಯೂ ಒಳಗೆ ಕರೆಯುವುದಿಲ್ಲ. ಇದು ಸ್ನೇಹಲತಾಳಿಗೆ ಚೆನ್ನಾಗಿ ಗೊತ್ತಿತ್ತು. ರಾತ್ರಿ ಅನ್ನ ಸೇರಿರಲಿಲ್ಲ.

ಅಮೀರ್‌ಪೇಟೆಯಲ್ಲಿ ಮೊದಲ ಕೆಲವು ಪಾಠ ಪುಕ್ಕಟೆ. ಹುಡುಗರು ಈ ಕಟ್ಟಡದಿಂದ ಆ ಕಟ್ಟಡಕ್ಕೆ ಡೆಮೊ ಕೇಳಿಕೊಂಡು ಅಲೆಯುತ್ತಾರೆ, ಮನಸ್ಸಿಗೆ ಬಂದಲ್ಲಿ ಫೀಸು ಕಟ್ಟುತ್ತಾರೆ. ಮಹೇಶಕುಮಾರ ಎಲ್ಲಿಯೂ ಫೀಸು ಕಟ್ಟಿದವನಲ್ಲ. ಡೆಮೊ ಕೇಳಿ ಕೇಳಿಯೇ ಮೇಷ್ಟ್ರಾದವನು. ಅದರಲ್ಲಿ ತಪ್ಪೇನಿಲ್ಲ, ಜಾಣ. ಆದರೆ ಡೆಮೊದಲ್ಲಿ ಯಾವ ಮೇಷ್ಟ್ರೂ ಕಟ್ಟುವುದನ್ನಷ್ಟೇ ತೋರಿಸುತ್ತಾರೆ. ಕಟ್ಟಿದ್ದನ್ನು ಬಿಚ್ಚುವುದು ಕೋರ್ಸಿನ ಕೊನೆಯ ವಾರದ ಪಾಠ.

"ಚೂಡಂಡಿ," ನೋಡಿ ಎಂದು ಮಹೇಶಕುಮಾರ ತೆಲುಗಿನಲ್ಲಿ ಶುರುಮಾಡಿದ. ಗೋಡೆಯ ಮೇಲೆ ಪ್ರೊಜೆಕ್ಟರಿನ ಕಪ್ಪು ಪರದೆ ಮೂಡಿತು. ಲ್ಯಾಬಿನ ಯಂತ್ರಗಳೆಲ್ಲ ಒಂದೇ ದೊಡ್ಡ ಸರ್ವರಿಗೆ ಜೋಡಿಸಿದವು. ಆ ಸರ್ವರಿನಲ್ಲಿ ಒಂದು ಖಾಲಿ ಫೋಲ್ಡರು ಮಾಡಿ ಅದಕ್ಕೆ 'ಇಲ್ಲು' ಎಂದು ಹೆಸರಿಟ್ಟ. ತೆಲುಗಿನಲ್ಲಿ ಮನೆ. ಈಗ ಈ ಖಾಲಿ ಮನೆಯೊಳಗೆ ಇನ್ನೊಂದು ಪೂರ್ತಿ ಆಪರೇಟಿಂಗ್ ಸಿಸ್ಟಂ ಕೂರಿಸುತ್ತೇನೆ, ಸಿಡಿ ಬೇಡ, ಮೌಸು ಬೇಡ, ಒಂದೇ ಸಾಲು ಸಾಕು ಎಂದ. ಸಾಲು ಟೈಪಿಸಿ ಎಂಟರ್ ಒತ್ತಿದ. ಬಿಳಿ ಅಕ್ಷರಗಳು ಒಂದರ ಹಿಂದೊಂದು ಇಳಿಯತೊಡಗಿದವು. ಚಿತ್ರವಿಲ್ಲ, ಬಣ್ಣವಿಲ್ಲ, ಸರ್ವರಿನಲ್ಲೇ ಕೂಡಿಟ್ಟಿದ್ದರಲ್ಲಿ ಬದುಕಲು ಬೇಕಾದ ಸಾಮಾನಷ್ಟೇ ಒಳಗೆ ಹೋಗುತ್ತಿತ್ತು.

ಅದು ಸ್ನೇಹಲತಾಳ ಪಾಠ. ಮನೆಯ ಹೋಲಿಕೆ ಅವಳದು, ನಡುವೆ ಮಾತು ನಿಲ್ಲಿಸಿ ಹುಡುಗರ ಮುಖ ನೋಡುವುದೂ ಅವಳದೇ. ಕೇಳುತ್ತ ಕೂತ ಅವಳಿಗೆ ಮೈಯೆಲ್ಲ ಉರಿಯಿತು.

ಇನ್ನೊಂದು ಸಾಲು ಟೈಪಿಸಿ ಮಹೇಶಕುಮಾರ ಆ ಹೊಸ ಮನೆಯೊಳಗೆ ಹೊಕ್ಕ. ಹೊರಗಿನ ಸರ್ವರು ಕಾಣದಾಯಿತು. "ನೋಡಿ, ಇಲ್ಲಿ ನಿಮ್ಮದು ಯಾವುದೂ ಇಲ್ಲ," ಎಂದು ತೆಲುಗಿನಲ್ಲಿ ಹೇಳಿ, ಹೊರಗೆ ಬಂದು, ಕೈಚಳಕ ತೋರಿಸುವವನಂತೆ ಮತ್ತೊಂದು ಸಾಲು ಬರೆದ. ಸರ್ವರಿನಲ್ಲಿ ವಿದ್ಯಾರ್ಥಿಗಳೆಲ್ಲರ ಕೆಲಸ ತುಂಬಿದ್ದ ಕೋಣೆಯನ್ನು ಈ ಹೊಸ ಮನೆಗೆ ಜೋಡಿಸಿದ. ಮತ್ತೆ ಒಳಹೊಕ್ಕಾಗ ಎಲ್ಲರ ಹೆಸರಿನ ಫೋಲ್ಡರುಗಳೂ ಸಾಲಾಗಿ ಅಲ್ಲಿದ್ದವು. ಹುಡುಗರು ಚಪ್ಪಾಳೆ ಹೊಡೆದರು. ಬಾಗಿಲಲ್ಲಿ ನಿಂತಿದ್ದ ನರಹರಿಯೂ ಹೊಡೆದ.

ಸ್ನೇಹಲತಾ ಚಪ್ಪಾಳೆ ಹೊಡೆಯಲಿಲ್ಲ. ಅಲ್ಲಿ ಕಾಣುತ್ತಿದ್ದುದು ನಕಲಲ್ಲ, ಅಸಲು ಕೋಣೆ. ಎರಡು ಮನೆಗೂ ಈಗ ಅದೊಂದೇ. ಜೋಡಣೆ ಬಿಚ್ಚದೆ ಒಳಮನೆಯನ್ನು ಅಳಿಸಿದರೆ ಅದೂ ಅಳಿದುಹೋಗುತ್ತದೆ. ಇವನಿಗೆ ಅದು ಗೊತ್ತೋ ಇಲ್ಲವೋ ಎಂದು ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, ಸರ್, ಇದು ಬೇಡವಾದಾಗ ತೆಗೆಯುವುದು ಹೇಗೆ ಎಂದು ತೆಲುಗಿನಲ್ಲಿ ಕೇಳಿದಳು.

ಮಹೇಶಕುಮಾರ ಒಳಮನೆಯಿಂದ ಹೊರಬಂದ. ಅಳಿಸುವ ಸಾಲು ಬರೆದ. ಎಂಟರ್ ಮೇಲೆ ಬೆರಳಿಟ್ಟವನು ತಡೆದ. ಯಾವ ಡೆಮೊದಲ್ಲೂ ನೋಡಿರದ ಜಾಗಕ್ಕೆ ಬಂದಿದ್ದ. ನಗು ಹಾಗೇ ಇತ್ತು, ಕಣ್ಣು ಮಾತ್ರ ತಾನಾಗಿ ಹಿಂದಿನ ಬೆಂಚಿಗೆ ಹೋಯಿತು. ಹಿಂದೆಲ್ಲ ತಿಳಿಯದಿದ್ದಾಗ ಅಕ್ಕಾರನ್ನು ಹುಡುಕುತ್ತಿದ್ದ ಕಣ್ಣು ಅದು.

ಮೊದಲು ಜೋಡಣೆ ಬಿಚ್ಚು ಎಂಬ ಒಂದು ಮಾತು ಸಾಕಿತ್ತು. ಕನ್ನಡದಲ್ಲಿ ಅಂದಿದ್ದರೆ ಅವನ ಮರ್ಯಾದೆಯೂ ಉಳಿಯುತ್ತಿತ್ತು, ತೆಲುಗಿನವರಾರಿಗೂ ತಿಳಿಯುತ್ತಿರಲಿಲ್ಲ. ಸ್ನೇಹಲತಾ ಬಾಯಿ ತೆರೆದದ್ದೂ ನಿಜ.

"ಅಳಸ್ರಿ," ಎಂದಳು. "ಯಾಕ ಅಂಜಾಕತ್ತೀರಿ? ಕಟ್ಟಾಕ ಬರ್ತೈತಿ, ಕೆಡವಾಕ ಬರಂಗಿಲ್ಲೇನು?"

ಮಹೇಶಕುಮಾರನ ಕಿವಿ ಕೆಂಪಾಯಿತು. ಎಂಟರ್ ಒತ್ತಿದ.

ಮೊದಲು ಏನೂ ಆಗಲಿಲ್ಲ. ಆಮೇಲೆ ಪರದೆಯ ತುಂಬ ತಪ್ಪಿನ ಸಾಲುಗಳು ಹರಿಯತೊಡಗಿದವು. ಅವನು ನಿಲ್ಲಿಸಲು ಹೋಗಿ ಬೇರೆ ಯಾವುದೋ ಗುಂಡಿ ಒತ್ತಿದ. ಲ್ಯಾಬಿನಲ್ಲಿ ಹಳೆಯ ಬ್ಯಾಚಿನ ಹುಡುಗರು ಒಬ್ಬೊಬ್ಬರೇ "ಸರ್, ನಾದಿ ಪೋಯಿಂದಿ" ಎಂದು ಕೂಗತೊಡಗಿದರು. ಒಬ್ಬನದು ಹೋಗಿತ್ತು, ಇನ್ನೊಬ್ಬನದು ಹೋಗಿತ್ತು, ಎಲ್ಲರದೂ ಹೋಗಿತ್ತು. ನರಹರಿ ಓಡಿಬಂದು ಸರ್ವರಿನ ವೈರನ್ನೇ ಕಿತ್ತ. ತಡವಾಗಿತ್ತು. ನಕಲು ತೆಗೆದಿಡಲು ಇನ್ನೊಂದು ಡಿಸ್ಕು ಕೊಳ್ಳೋಣ ಎಂದು ಸ್ನೇಹಲತಾ ಹೇಳಿದಾಗಲೆಲ್ಲ ನೋಡೋಣ ಎಂದು ತಳ್ಳಿದವನು ಅವನೇ.

ಸ್ನೇಹಲತಾಳಿಗೆ ಆದದ್ದು ಸಂತೋಷ. ಅದನ್ನು ಬೇರೆ ಹೆಸರಿನಿಂದ ಕರೆಯುವುದು ಸುಳ್ಳಾಗುತ್ತದೆ. ಹಸಿದವನಿಗೆ ಬಿಸಿ ರೊಟ್ಟಿ ಸಿಕ್ಕಂತೆ ಹೊಟ್ಟೆಯೊಳಗೆ ತಣ್ಣಗಾಯಿತು. ಮಹೇಶಕುಮಾರನ ಮುಖದಿಂದ ನಗು ಜಾರಿದ್ದನ್ನು ಅವಳು ಕಣ್ತುಂಬ ನೋಡಿದಳು.

ನರಹರಿ ಎಲ್ಲರೆದುರಿಗೆ ಅವನನ್ನು ಬಾಯಿಗೆ ಬಂದಂತೆ ಬೈದ. ಹೊಸ ಹುಡುಗರ ಕಡೆ ತಿರುಗಿ, ನಾಳೆಯಿಂದ ಮೇಡಂ ಅವರೇ ಪಾಠ ಮಾಡುತ್ತಾರೆ ಎಂದು ತೆಲುಗಿನಲ್ಲಿ ಸಾರಿದ. ಮಹೇಶಕುಮಾರ ಬ್ಯಾಗು ಹೆಗಲಿಗೇರಿಸಿಕೊಂಡು ಅವಳ ಬೆಂಚಿನ ಪಕ್ಕ ನಿಂತ.

"ನಿಮಗ ಗೊತ್ತಿತ್ತು," ಎಂದ.

"ಸುಮ್ಮ ಕುಂದರ್ರಿ ಅಂದಿದ್ರೆಲ್ಲ."

"ಸುಮ್ಮ ಕುಂತಿದ್ರ ನಾ ಒತ್ತತಿದ್ದಿಲ್ಲ ಅಕ್ಕಾರ."

ಅವನು ಹೋದ. ಹುಡುಗರೂ ಗೊಣಗುತ್ತ ಮೆಟ್ಟಿಲಿಳಿದರು. ನರಹರಿ ವೈರು ಮತ್ತೆ ಸಿಕ್ಕಿಸಿ, ಸರ್ವರನ್ನು ಹೇಗೋ ಎಬ್ಬಿಸಿ, ತಲೆ ಹಿಡಿದುಕೊಂಡು ಚಹಾ ಕುಡಿಯಲು ನಡೆದ. ಲ್ಯಾಬು ಖಾಲಿಯಾಯಿತು. ಆಗಲೇ ಸ್ನೇಹಲತಾ ಮೂಲೆಯ ಕಡೆ ನೋಡಿದ್ದು.

ದಾನೇಶ್ವರಿ ಕೂತಲ್ಲೇ ಕೂತಿದ್ದಳು. ಅವಳ ಅಪ್ಪ ಬೂದೆಪ್ಪ ದುಡಿಯಲು ಬಂದು ನಗರದಂಚಿನ ಕೊಂಪಲ್ಲಿಯಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಕಟ್ಟಡದ ಮಗ್ಗುಲಿನ ತಗಡಿನ ಶೆಡ್ಡಿನಲ್ಲಿ ಮನೆ. ಲ್ಯಾಪ್‌ಟಾಪು ಇಲ್ಲ. ಪಾಠದ ಸಾಮಗ್ರಿ ಕದ್ದೊಯ್ಯುತ್ತಾರೆಂದು ನರಹರಿ ಲ್ಯಾಬಿನಲ್ಲಿ ಪೆನ್‌ಡ್ರೈವ್ ಹಾಕಲು ಬಿಡುತ್ತಿರಲಿಲ್ಲ, ಇಂಟರ್ನೆಟ್ಟನ್ನೂ ಕತ್ತರಿಸಿದ್ದ. ಬೇಸಿಗೆಯೆಲ್ಲ ಊಟದ ಹೊತ್ತಿನಲ್ಲೂ ಏಳದೆ ಅವಳು ಮಾಡಿದ ಪ್ರಾಜೆಕ್ಟು ಆ ಸರ್ವರಿನಲ್ಲಿ ಮಾತ್ರ ಇತ್ತು. ಸೋಮವಾರ ಒಂದು ಕಂಪನಿಯವರು ಇಲ್ಲಿಗೇ ಬಂದು ಅದನ್ನು ನೋಡಿ ಕೆಲಸಕ್ಕೆ ತೆಗೆದುಕೊಳ್ಳುವವರಿದ್ದರು. ಆ ಕಂಪನಿಯವರಿಗೆ ಅವಳ ಹೆಸರು ಹೇಳಿದ್ದವಳು ಸ್ನೇಹಲತಾ. ಇದೆಲ್ಲ ಅವಳಿಗೆ ಗೊತ್ತಿಲ್ಲದ್ದಲ್ಲ. ಅಳಸ್ರಿ ಎಂದ ಹೊತ್ತಿಗೆ ಅವಳಿಗೆ ಮಹೇಶಕುಮಾರನ ಮುಖ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಅವಳು ಎದ್ದು ಹೋಗಿ ದಾನೇಶ್ವರಿಯ ಹಿಂದೆ ನಿಂತಳು. ಪರದೆಯ ಮೇಲೆ ದಾನೇಶ್ವರಿಯ ಹೆಸರಿರಲಿಲ್ಲ. ಇರಬೇಕಾದ ಜಾಗ ಬರಿದಾಗಿತ್ತು.

"ದಾನಮ್ಮ," ಎಂದಳು. "ಅಂಜಬ್ಯಾಡ. ನಾ ಕುಂತು ಮಾಡಿಸ್ತೀನಿ. ಇವತ್ತು ಮನಿಗೇ ಹೋಗಂಗಿಲ್ಲ ನಾ. ಇಬ್ಬರೂ ಕೂಡಿ ಮತ್ತ ಮಾಡೂಣು, ಸೋಮವಾರದೊಳಗ ಆಕ್ಕೈತಿ."

ದಾನೇಶ್ವರಿ ತಿರುಗಿದಳು. ಆ ಹುಡುಗಿ ಈ ಲ್ಯಾಬಿಗೆ ಬಂದ ಮೊದಲ ದಿನ, ಮೇಡಂ ಕನ್ನಡ ಮಾತಾಡಿದರೆಂದು ಕಣ್ಣಲ್ಲಿ ನೀರು ತಂದುಕೊಂಡವಳು. ಅಂದಿನಿಂದ ಸ್ನೇಹಲತಾಳೊಡನೆ ಬೇರೆ ಭಾಷೆಯಲ್ಲಿ ಒಂದು ಮಾತೂ ಆಡಿರಲಿಲ್ಲ.

"ಪರವಾಲೇದು ಮೇಡಂ," ಎಂದಳು, ಕೌಂಟರಿನಲ್ಲಿ ಗುರುತಿಲ್ಲದವರಿಗೆ ಹೇಳುವ ತೆಲುಗಿನಲ್ಲಿ. ಪರವಾಗಿಲ್ಲ. "ನೇನೇ ಚೇಸುಕುಂಟಾನು." ನಾನೇ ಮಾಡಿಕೊಳ್ಳುತ್ತೇನೆ.

ಮತ್ತೆ ಪರದೆಯ ಕಡೆ ತಿರುಗಿ ಕೀಬೋರ್ಡನ್ನು ಹತ್ತಿರ ಎಳೆದುಕೊಂಡಳು. ಒಂದು ಖಾಲಿ ಫೋಲ್ಡರು ಮಾಡಿ, ಅದಕ್ಕೆ ತನ್ನ ಹೆಸರಿಟ್ಟಳು. ಪಕ್ಕದ ಕುರ್ಚಿಯ ಮೇಲಿದ್ದ ಚೀಲವನ್ನು ಅವಳು ತೆಗೆಯಲಿಲ್ಲ. ಸ್ನೇಹಲತಾ ಆ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದಳು.