ಹಸಿರು ಫ್ರಾಕು

ಆ ಮನೆಯ ದೊಡ್ಡ ಸೊಸೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು. ಬೆಳಗಿನಿಂದ ಸಂಜೆಯವರೆಗೆ ಬರೀ ಕಾಲರು. ಮನೆಗೆ ಬಂದ ಮೇಲೆ ಸೂಜಿ ಕಂಡರೆ ಮೈ ಉರಿಯುತ್ತಿತ್ತು. ಆದರೂ ಮನೆಯಲ್ಲಿ ಹೊಲಿಗೆ ಬಲ್ಲವಳು ತಾನೊಬ್ಬಳೇ ಎಂಬ ಬಿಂಕಕ್ಕೇನೂ ಕಡಿಮೆಯಿರಲಿಲ್ಲ, ಮೈದುನನ ಹೆಂಡತಿ ಬರುವವರೆಗೆ.

ಚಿಕ್ಕವಳು ಹೊಲಿಗೆ ಕಲಿತವಳೇ ಅಲ್ಲ. ಆದರೆ ಅವಳ ಕೈಯಲ್ಲಿ ಮಾವನ ಹಳೆಯ ಪ್ಯಾಂಟು ಚೀಲವಾಯಿತು, ಕಿಟಕಿಯ ಪರದೆ ಸ್ಕರ್ಟಾಯಿತು. ಹೊಲಿಗೆ ಅಂಕುಡೊಂಕು, ಆದರೂ ಅತ್ತೆ ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಸಂಜೆ ದೊಡ್ಡವಳು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಳಗಿನಿಂದ ಮಿಷನ್ನಿನ ಸದ್ದು, ಜೊತೆಗೆ ಮಗಳ ಕಿಲಕಿಲ ಕೇಳುತ್ತಿತ್ತು. ಮಿಷನ್ನು ದೊಡ್ಡವಳದು. ಮಗಳೂ ಅವಳವಳೇ.

ಒಂದು ದಿನ ಚಿಕ್ಕವಳು ಹಳೆ ಬಟ್ಟೆಯ ಗಂಟಿನಿಂದ ಹಸಿರು ಉಡುಪೊಂದನ್ನು ಎಳೆದಳು. "ಅಕ್ಕಾ, ಇದು ನಿಮಗೆ ಬೇಡ್ವಾ?"

ಮದುವೆಯಾದ ಹೊಸತರಲ್ಲಿ ದೊಡ್ಡವಳು ಆಸೆಪಟ್ಟು ಹೊಲಿದುಕೊಂಡಿದ್ದ ಉಡುಪು ಅದು. ಕೊಡಲು ಮನಸ್ಸಿಲ್ಲ, ಬೇಕು ಎನ್ನಲು ಬಾಯಿಲ್ಲ. "ನೆಲ ಒರೆಸೋಕೆ ಇಟ್ಟಿದ್ದೆ. ತಗೋ" ಅಂದುಬಿಟ್ಟಳು.

ಅದು ಮಗಳ ಫ್ರಾಕಾಯಿತು. ಶಾಲೆಯ ಕಾರ್ಯಕ್ರಮದಲ್ಲಿ ಅದನ್ನೇ ಹಾಕಿಕೊಂಡು ಹಾಡುತ್ತೇನೆಂದು ಹುಡುಗಿ ಕುಣಿದಳು. ದೊಡ್ಡವಳ ಗಂಡ ಕನ್ನಡಕ ಸರಿಮಾಡಿಕೊಂಡು, "ಈ ಬಟ್ಟೆ ಎಲ್ಲೋ ನೋಡಿದ ಹಾಗಿದೆಯಲ್ಲ! ಪರದೆನಾ?" ಅಂದ. ಎಲ್ಲರೂ ನಕ್ಕರು. ದೊಡ್ಡವಳೂ ಹಲ್ಲು ಕಚ್ಚಿಕೊಂಡೇ ನಕ್ಕಳು.

ಕಾರ್ಯಕ್ರಮದ ದಿನ ಫ್ರಾಕು ಇಸ್ತ್ರಿಯಾಗಿ ಗೂಟಕ್ಕೆ ತೂಗುತ್ತಿತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ದೊಡ್ಡವಳು ಸಣ್ಣ ಕತ್ತರಿ ತೆಗೆದು ಸೊಂಟದ ಹೊಲಿಗೆಯನ್ನು ಅಲ್ಲಲ್ಲಿ ಕತ್ತರಿಸಿದಳು. ಚಿಕ್ಕವಳ ಹೊಲಿಗೆಯ ಬಂಡವಾಳ ಬಯಲಾಗಲಿ ಎಂಬುದಷ್ಟೇ ಅವಳ ತಲೆಯಲ್ಲಿದ್ದದ್ದು. ಆ ಫ್ರಾಕಿನೊಳಗೆ ಇರುವವಳು ಯಾರು ಎಂಬುದು ಹೊಳೆಯಲೇ ಇಲ್ಲ.

ವೇದಿಕೆಯಲ್ಲಿ ಹುಡುಗಿ ಕೈಯೆತ್ತಿದ್ದೇ ತಡ, ಫ್ರಾಕು ಒಂದು ಪಕ್ಕ ಪರ್ರನೆ ಬಿಚ್ಚಿಕೊಂಡಿತು. ಮುಂದಿನ ಸಾಲಿನ ಮಕ್ಕಳು ಗೊಳ್ಳೆಂದರು. ಅವಳು ಒಂದು ಕೈಯಲ್ಲಿ ಫ್ರಾಕು ಹಿಡಿದುಕೊಂಡೇ ಹಾಡು ಮುಗಿಸಿದಳು. ಕೆಳಗೆ ಕುಳಿತಿದ್ದ ತಾಯಿ ತಲೆ ತಗ್ಗಿಸಿದಳು.

ಮನೆಯಲ್ಲಿ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಚಿಕ್ಕವಳು ದಾರದ ತುದಿಗಳನ್ನು ಬೆರಳಲ್ಲಿ ತಿರುಗಿಸಿ ನೋಡಿ, "ತಪ್ಪು ನಂದೇ ಪುಟ್ಟಿ, ಗಂಟು ಸರಿಯಾಗಿ ಹಾಕಿರಲಿಲ್ಲ" ಅಂದಳು. "ಒಪ್ಪಿಕೊಳ್ಳೋಕೂ ದೊಡ್ಡ ಮನಸ್ಸು ಬೇಕು" ಎಂದು ಅತ್ತೆ ತಲೆದೂಗಿದರು. ಆ ಹೊಗಳಿಕೆಯನ್ನೂ ಅವಳೇ ಗಿಟ್ಟಿಸಿಕೊಂಡಳಲ್ಲ ಎಂದು ದೊಡ್ಡವಳ ಹೊಟ್ಟೆ ಇನ್ನಷ್ಟು ಉರಿಯಿತು. ಆ ಉರಿಗೆ ಅವಳಿಗೇ ನಾಚಿಕೆಯಾಯಿತು.

ಮರುದಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಚಿಕ್ಕವಳ ಬಳಿ ಹೋಗಿ ನಿಂತಳು. "ಕತ್ತರಿಸಿದ್ದು ನಾನು."

"ಗೊತ್ತು. ತಾನಾಗೇ ಕಿತ್ತುಬಂದ ದಾರದ ತುದಿ ಹಿಂಜಿರುತ್ತೆ. ಇದು ಕತ್ತರಿಸಿದ ಹಾಗೆ ನೇರವಾಗಿತ್ತು."

"ಮತ್ತೆ ಯಾಕೆ ನಿನ್ನ ಮೇಲೆ ಹಾಕ್ಕೊಂಡೆ?"

"ಅಮ್ಮನೇ ಮಾಡಿದ್ದು ಅಂತ ಗೊತ್ತಾಗಿದ್ರೆ ಅವಳು ಇನ್ನೂ ಅಳ್ತಿದ್ದಳು. ನಿಮಗೋಸ್ಕರ ಏನೂ ಅಲ್ಲ." ಚಿಕ್ಕವಳು ಒದ್ದೆ ಬಟ್ಟೆಯನ್ನು ಜೋರಾಗಿ ಕೊಡವಿದಳು. "ಬೇಕು ಅಂದಿದ್ರೆ ನಾನು ಆ ಬಟ್ಟೆ ಮುಟ್ತಾನೇ ಇರಲಿಲ್ಲ. ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ಅಕ್ಕಾ?"

ದೊಡ್ಡವಳು ಬಾಲ್ಕನಿಯ ಕಂಬಿ ಹಿಡಿದು ಕೆಳಗೆ ನೋಡಿದಳು.

"ಇನ್ನು ನಾನು ಅದಕ್ಕೆ ಕೈ ಹಾಕಲ್ಲ. ನೀವೇ ಸರಿಮಾಡಿ" ಎಂದು ಚಿಕ್ಕವಳು ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.

ಎಷ್ಟೋ ದಿನಗಳ ಮೇಲೆ ದೊಡ್ಡವಳು ತನ್ನ ಮಿಷನ್ನಿನ ಮುಂದೆ ಕುಳಿತಳು. ಸೊಂಟಕ್ಕೆ ಜೋಡಿ ಹೊಲಿಗೆ ಹಾಕಿದಳು. ಹುಡುಗಿ ಮೊದಲು ಹಾಕಿಕೊಳ್ಳಲೇ ಒಲ್ಲೆ ಎಂದಳು. ಆಮೇಲೆ ಹಾಕಿಕೊಂಡು ಜಗ್ಗಿ ನೋಡಿದಳು, ಬಿಚ್ಚಲಿಲ್ಲ.

"ಚಿಕ್ಕಮ್ಮಾ, ನೋಡಿಲ್ಲಿ!" ಎಂದು ತಾಯಿಯನ್ನು ದಾಟಿಕೊಂಡು ಅಡುಗೆಮನೆಗೆ ಓಡಿದಳು.

ದೊಡ್ಡವಳ ಎದೆಯೊಳಗೆ ಮತ್ತೆ ಚುರ್ರೆಂದಿತು. "ಓಡಬೇಡ್ವೇ, ದಾರ ನೇತಾಡ್ತಿದೆ, ಬಾ ಇಲ್ಲಿ" ಎಂದು ಕೂಗಿದಳು. ಹುಡುಗಿ ಬಂದು ತೋಳೆತ್ತಿ ನಿಂತಳು, ಕಣ್ಣು ಮಾತ್ರ ಅಡುಗೆಮನೆಯ ಕಡೆಗೇ.